ಏಳನೇ ಕೈಗೆ ಬರುವ ಕಂತು

ಹುಬ್ಬಳ್ಳಿ
ಫೆಬ್ರವರಿ 30, 2171

ಪೂಜ್ಯ ಶಶಿರೇಖಾ ಕುಪ್ಪೇಲೂರ ಅವರಿಗೆ,

ತಾರೀಖು ತಪ್ಪಾಗಿ ಬರೆದದ್ದಲ್ಲ. ಬಡ್ಡಿಯ ಲೆಕ್ಕ ಸಲೀಸಾಗಲೆಂದು ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ ಮಾಡಿದ್ದಾರೆ. ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ತಾರೀಖಿಲ್ಲ, ಬಡ್ಡಿ ಮಾತ್ರ ಇದೆ. ನಮ್ಮ ಇನ್ನೂ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಾನು ನಿಮ್ಮ ಮರಿಮೊಮ್ಮಗಳ ಮಗಳು ನೀಲಗಂಗಾ. ನೀವು ಕೊಂಡ ಮೂರನೇ ಮಹಡಿಯ ಫ್ಲ್ಯಾಟಿನಲ್ಲೇ ಕುಳಿತು ಬರೆಯುತ್ತಿದ್ದೇನೆ. ಅದರ ಸಾಲ ಇನ್ನೂ ತೀರಿಲ್ಲ.

ಇಲ್ಲಿ ಹೊಸಬರು ಭೇಟಿಯಾದರೆ ಊರು ಯಾವುದೆಂದು ಕೇಳುವುದಿಲ್ಲ, ‘ನಿಮ್ಮದು ಎಷ್ಟನೇ ಕೈ?’ ಎನ್ನುತ್ತಾರೆ. ಕೈ ಎಂದರೆ ಒಂದೇ ಸಾಲಕ್ಕೆ ಕಂತು ಕಟ್ಟುತ್ತ ಬಂದ ತಲೆಮಾರು. ನೀವು ಮೊದಲನೇ ಕೈ, ನಾನು ಐದನೆಯದು. ಈ ಮನೆಯ ಬಾಲ್ಕನಿ ನಾನು ಚಿಕ್ಕವಳಿದ್ದಾಗಲೇ ಕಳಚಿ ಬಿತ್ತು. ಆ ಬಾಗಿಲಿಗೆ ಹಲಗೆ ಬಡಿದು, ಅದಕ್ಕೆ ಒರಗಿಸಿ ಅಕ್ಕಿ ಡಬ್ಬಿ ಇಟ್ಟಿದ್ದೇವೆ. ಮನೆ ಬಿಟ್ಟು ಹೋದರೂ ಸಾಲ ಬೆನ್ನು ಹತ್ತಿ ಬರುತ್ತದೆ. ಎದುರಿನ ಓಣಿಯಲ್ಲಿ ಕಟ್ಟಡವೇ ಕುಸಿದಿದೆ. ಅಲ್ಲಿದ್ದವರು ಈಗ ಟೆಂಟಿನಲ್ಲಿದ್ದು, ಬರೀ ಬಯಲಿಗೆ ಕಂತು ಕಟ್ಟುತ್ತಿದ್ದಾರೆ.

ನಿಮ್ಮ ಕಾಲದ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಓದಿದ್ದೇನೆ. ಕೀಲಿಕೈ ಹಿಡಿದು ನಗುವ ಗಂಡ-ಹೆಂಡತಿ, ಕೆಳಗೆ ದಪ್ಪಕ್ಷರದಲ್ಲಿ ತಿಂಗಳ ಕಂತು. ಒಟ್ಟು ಎಷ್ಟಾಗುತ್ತದೆಂದು ನಾನು ನೋಡಿದ ಒಂದು ಜಾಹೀರಾತಿನಲ್ಲೂ ಇರಲಿಲ್ಲ. ಓದುಬರಹ ಬಲ್ಲ ಒಂದು ಊರು ಇದನ್ನು ಕೇಳದೆ ಸಹಿ ಹಾಕಿತೆಂದರೆ ಇವತ್ತಿಗೂ ಸಿಟ್ಟು ಬರುತ್ತದೆ.

ನೀವು ತಂದದ್ದು ಐವತ್ತು ಲಕ್ಷ, ಬಡ್ಡಿ ಎಂಟೂವರೆ, ಅವಧಿ ಇಪ್ಪತ್ತು ವರ್ಷ, ಕಂತು 43,391 ರೂಪಾಯಿ. ಅದನ್ನು ಇನ್ನೂರ ನಲವತ್ತು ತಿಂಗಳಿಂದ ಗುಣಿಸಿದ್ದರೆ ಒಂದು ಕೋಟಿ ನಾಲ್ಕು ಲಕ್ಷ ದಾಟುವುದು ಅಂದೇ ಕಾಣುತ್ತಿತ್ತು. ಅದಾದರೂ ಹೋಗಲಿ. ವರ್ಷ ತುಂಬಿದ ಮೇಲೆ ಬಡ್ಡಿ ಹತ್ತೂವರೆಗೆ ಏರಿ ಬ್ಯಾಂಕಿನಿಂದ ಕಾಗದ ಬಂತು: ಕಂತು ಹೆಚ್ಚಿಸುವಿರೋ, ಅವಧಿ ಹೆಚ್ಚಿಸುವಿರೋ? ನಿಮ್ಮ ಯಜಮಾನರು ಚಹಾ ಕುಡಿಯುತ್ತ, “ಕಂತ್ ಏರಂಗಿಲ್ಲಂತಲ್ಲ, ಮತ್ತೇನ್ ಬೇಕ? ಟಿಕ್ ಹಾಕಿ ಕಳಿಸಿಬಿಡ” ಎಂದರಂತೆ. “ಏರಿದ್ರ ನಿಮ್ಮ ಗುಟ್ಕಾ ಬಂದ್ ಮಾಡ್ತಿದ್ದೆ, ಪಾರಾದ್ರಿ” ಎಂದು ನೀವು ನಕ್ಕಿರಂತೆ. ಈ ಮಾತು ನಮ್ಮ ಮನೆಯಲ್ಲಿ ಇನ್ನೂ ಓಡಾಡುತ್ತದೆ. ಈಗ ಯಾರೂ ನಗುವುದಿಲ್ಲ.

ಅಂದು ನೀವು ತಿಂಗಳಿಗೆ ಆರು ಸಾವಿರದ ಮುನ್ನೂರು ರೂಪಾಯಿ ಹೆಚ್ಚು ಕಟ್ಟಿದ್ದರೆ ಉಳಿದ ಹತ್ತೊಂಬತ್ತು ವರ್ಷದಲ್ಲೇ ಮುಗಿಯುತ್ತಿತ್ತು. ಹಾಗೆ ಒಟ್ಟು ಕಟ್ಟಬೇಕಾಗುತ್ತಿದ್ದದ್ದು ಒಂದು ಕೋಟಿ ಹದಿಮೂರು ಲಕ್ಷ. ಕಂತು ಅಷ್ಟೇ ಇರಲೆಂದಿರಿ. ಹತ್ತೊಂಬತ್ತು ವರ್ಷ ನಲವತ್ತೆರಡಾಯಿತು, ಮೊತ್ತ ಎರಡು ಕೋಟಿ ಇಪ್ಪತ್ತೊಂದು ಲಕ್ಷ. ಮುಂದೆ ಬಡ್ಡಿ ಹನ್ನೊಂದು ಮುಟ್ಟಿತು. ತಿಂಗಳ ಬಡ್ಡಿಯೊಂದೇ ಕಂತಿಗಿಂತ ಸುಮಾರು ಒಂದೂವರೆ ಸಾವಿರ ಜಾಸ್ತಿ. ಅಲ್ಲಿಂದ ಮುಂದೆ ನೀವು ಕಟ್ಟಿದಷ್ಟೂ ಸಾಲ ಬೆಳೆಯುತ್ತ ಹೋಯಿತು.

ಈಗ ನನ್ನ ಹೆದರಿಕೆ ಹೇಳುತ್ತೇನೆ. ನನ್ನ ಮಗಳು ಹೇಮಲಾ ಕೂಸು ಹೆತ್ತು ಹನ್ನೆರಡು ದಿನವಾಯಿತು. ತೊಟ್ಟಿಲಿಗೆ ಹಾಕುವ ದಿನ ಬ್ಯಾಂಕಿನವರು ಬಂದು ಕೂಸಿನ ಹಿಮ್ಮಡಿಗೆ ಮಸಿ ಬಳಿದು ಸಾಲದ ಪತ್ರದ ಮೇಲೆ ಒತ್ತಿಸಿಕೊಳ್ಳುತ್ತಾರೆ. ಇದಕ್ಕೆ ಹಿಮ್ಮಡಿ ಸಹಿ ಎನ್ನುತ್ತೇವೆ. ಅದಾದ ಮೇಲೆಯೇ ಹೆಸರು. ಆ ದಿನ ಇವತ್ತು. “ಎಲ್ಲಾರೂ ಕೊಟ್ಟಾರ, ನೀನೂ ಕೊಟ್ಟೀ, ಸುಮ್ನ ಕೂಡವ್ವಾ” ಎನ್ನುತ್ತಾಳೆ ಹೇಮಲಾ, ನನ್ನ ಮುಖ ಮಾತ್ರ ನೋಡುವುದಿಲ್ಲ. ಸಹಿ ಬಿದ್ದರೆ ಇದು ಏಳನೇ ಕೈ. ಬಾಯಲ್ಲಿ ಇನ್ನೂ ಹಲ್ಲಿಲ್ಲ.

ಈ ಪತ್ರ ಸಮಯಕ್ಕೆ ತಲುಪಿದರೆ, ಬ್ಯಾಂಕಿನ ಆ ಕಾಗದ ಇನ್ನೂ ನಿಮ್ಮ ಮೇಜಿನ ಮೇಲಿರಬಹುದು. ದಯವಿಟ್ಟು ಟಿಕ್ ಹಾಕಬೇಡಿ. ಬ್ಯಾಂಕಿಗೆ ಹೋಗಿ, ಎಲ್ಲ ಸೇರಿ ಎಷ್ಟು, ಯಾವ ತಿಂಗಳು ಮುಗಿಯುತ್ತದೆ ಎಂದು ಕೇಳಿ. ಬರೆದು ಕೊಡುವ ತನಕ ಕುರ್ಚಿ ಬಿಟ್ಟು ಏಳಬೇಡಿ, ಹಿಂದೆ ನಿಂತವರು ಬೈದರೂ ಸರಿ. ಆರು ಸಾವಿರಕ್ಕೆ ಏನಾದರೂ ದಾರಿ ಮಾಡಿ.

ಬಾಗಿಲು ಬಡಿಯುತ್ತಿದ್ದಾರೆ. ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಇನ್ನೊಂದರಲ್ಲಿ ಕೂಸಿನ ಎರಡೂ ಕಾಲು ಹಿಡಿದುಕೊಂಡಿದ್ದೇನೆ.

ನಿಮ್ಮ
ನೀಲಗಂಗಾ