ವೋಟಿನ ಊಟ

ಪೋರ್ಟರ್ ರ್ಯಾಂಚ್
ಭಾನುವಾರ, 12 ಅಕ್ಟೋಬರ್ 2025

ಚಿ. ಸೌ. ನಮ್ರತಾಳಿಗೆ ಅಮ್ಮನ ಆಶೀರ್ವಾದ.

ನೀನು, ವಿನೀತ್, ಮಗು ಪ್ರಣತಿ ಮೂವರೂ ಕ್ಷೇಮವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕತ್ತಿನ ನೋವು ಹೇಗಿದೆ? ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರನ್ನು ಅದು ಸುಲಭಕ್ಕೆ ಬಿಡುವುದಿಲ್ಲ. ಮಲಗುವ ಮುಂಚೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿಕೋ. ವಿನೀತನಿಗೆ ಹಚ್ಚಲು ಹೇಳು, ನೀನೇ ಕೈ ಹಿಂದಕ್ಕೆ ತಿರುಚಿಕೊಂಡು ಇನ್ನೊಂದು ನೋವು ತಂದುಕೊಳ್ಳಬೇಡ. ಪ್ರಣತಿ ಹೈಸ್ಕೂಲು ಸೇರಿದಳೆಂದು ನಿನ್ನ ಅತ್ತಿಗೆ ದೀಪ್ತಿಯಿಂದ ತಿಳಿಯಿತು. ನೀನೇ ಹೇಳಬಹುದಿತ್ತು. ಇರಲಿ. ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ. ಬೆಟ್ಟದ ಕಡೆಯ ರಸ್ತೆಯಲ್ಲಿ ಬೆಳಗಿನ ವಾಕಿಂಗ್ ಬಿಟ್ಟಿಲ್ಲ. ಮೊನ್ನೆಯಿಂದ ಬಿಸಿಗಾಳಿ ಎದ್ದಿದೆ, ಹಿತ್ತಲಿನ ನಿಂಬೆ ಗಿಡದ ಕಾಯೆಲ್ಲ ಉದುರಿದೆ.

ಫೋನ್ ಇರುವಾಗ ಕಾಗದ ಏಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾವಿಬ್ಬರೂ ಹವೆಯ ಮಾತಾಡಿ ಇಟ್ಟುಬಿಡುತ್ತೇವೆ. ಸ್ಯಾನ್ ಡಿಯೇಗೊದಲ್ಲಿ ಮೋಡ, ಇಲ್ಲಿ ಬಿಸಿಲು. ನೀನು "ಮತ್ತೆ ಇನ್ನೇನಮ್ಮ" ಅನ್ನುತ್ತೀಯೆ, ನಾನು "ಇನ್ನೇನಿಲ್ಲ" ಅನ್ನುತ್ತೇನೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ನಿನಗೆ ಮೀಟಿಂಗ್ ಶುರುವಾಗುವುದಿಲ್ಲ. ನಿನಗೆ ಕನ್ನಡ ಓದಲು ಕಲಿಸಿದ್ದು ನಾನೇ, ಇದೇ ಡೈನಿಂಗ್ ಟೇಬಲ್ಲಿನ ಮೇಲೆ, ನೀನು ಅಳುತ್ತಿದ್ದರೂ ಬಿಡದೆ. ಆದ್ದರಿಂದ ಅಕ್ಷರ ತಿಳಿಯಲಿಲ್ಲ ಎಂದು ಹೇಳಬೇಡ.

ಈ ವಾರ ಅಂಚೆಯಲ್ಲಿ ಬ್ಯಾಲೆಟ್ ಬಂತು. ನಿನಗೂ ಬಂದಿರಬೇಕು. ಈ ಸಲ ಒಂದೇ ಪ್ರಶ್ನೆ. ಚುನಾವಣಾ ಕ್ಷೇತ್ರಗಳ ಗಡಿಗೆರೆಯನ್ನು ಹೊಸದಾಗಿ ಎಳೆಯಬೇಕೋ ಬೇಡವೋ ಎಂದು. ಟೆಕ್ಸಾಸಿನಲ್ಲಿ ನಿನ್ನ ಅಣ್ಣ ಗುರುಕಿರಣನ ಪಕ್ಷದವರು ತಮಗೆ ಬೇಕಾದ ಹಾಗೆ ಗೆರೆ ಎಳೆದುಕೊಂಡರಂತೆ, ಅದಕ್ಕೆ ಇಲ್ಲಿ ನಿನ್ನ ಪಕ್ಷದವರು ತಮಗೆ ಬೇಕಾದ ಹಾಗೆ ಎಳೆಯುತ್ತಾರಂತೆ. ನೀನೂ ಗುರುಕಿರಣನೂ ಚಿಕ್ಕವರಿದ್ದಾಗ ಕಾರಿನ ಹಿಂದಿನ ಸೀಟಿನಲ್ಲಿ ಕೈಯಿಂದ ಗೆರೆ ಹಾಕಿ ಜಗಳವಾಡುತ್ತಿದ್ದಿರಿ. ನಿಮಗಾದರೆ ತಲೆಗೆ ಒಂದೊಂದು ಮೊಟಕಿ ಸುಮ್ಮನಾಗಿಸಬಹುದಿತ್ತು. ಪ್ರಶ್ನೆಯನ್ನು ವಿವರಿಸುವ ಪುಸ್ತಕವೂ ಬಂದಿತ್ತು, ಅದನ್ನು ಎರಡು ಸಲ ಓದಿದೆ. ನಾನು ಎಸ್.ಎಸ್.ಎಲ್.ಸಿ. ಮಾತ್ರ ಓದಿದವಳು, ಆದರೂ ಸರ್ಕಾರ ಕಳಿಸಿದ ಪುಸ್ತಕವನ್ನು ಓದದೆ ಸಹಿ ಹಾಕಿದವಳಲ್ಲ. ಓದಿ ಮುಗಿಸಿ ತಲೆ ಎತ್ತಿದರೆ ಎದುರಿಗೆ ಕುರ್ಚಿಗಳು. ವೋಟಿನ ಊಟಕ್ಕೆ ಯಾರೂ ಇಲ್ಲ.

ಆ ಊಟವನ್ನು ಶುರು ಮಾಡಿದವರು ನಿಮ್ಮಪ್ಪ. ನಾವು ಇಲ್ಲಿನ ಪ್ರಜೆಗಳಾದ ವರ್ಷದಿಂದ ಅವರು ಇರುವತನಕ ಒಂದು ಸಲವೂ ತಪ್ಪಲಿಲ್ಲ. ಬ್ಯಾಲೆಟ್ ಬಂದಮೇಲಿನ ಒಂದು ಭಾನುವಾರ ಅವರು ಟೇಬಲ್ಲಿನ ತಲೆಯ ಕಡೆ ಕೂತು ಒಂದೊಂದು ಪ್ರಸ್ತಾವವನ್ನೂ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬಿಡಿಸಿ ಹೇಳಬೇಕು, ನಾವು ಕೇಳಬೇಕು. ಓದಿ ಮುಗಿಯುವವರೆಗೆ ಪಾಯಸವಿಲ್ಲ. ಪ್ರಣತಿ ಸಣ್ಣವಳಿದ್ದಾಗ ಮಾದರಿ ಬ್ಯಾಲೆಟ್ಟಿನಲ್ಲಿ ವೋಟು ಗುರುತಿಸುವ ಸೊನ್ನೆಗಳಿಗೆಲ್ಲ ಬಣ್ಣ ತುಂಬಿ ಎಲ್ಲರನ್ನೂ ಗೆಲ್ಲಿಸುತ್ತಿದ್ದಳು. ಅವರ ಒಂದೇ ಕಟ್ಟುನಿಟ್ಟು ಎಂದರೆ, ಎಷ್ಟು ಬೇಕಾದರೂ ವಾದ ಮಾಡಿ, ಆದರೆ ಪೆನ್ನು ಹಿಡಿದಮೇಲೆ ಯಾರೂ ಯಾರ ಹಾಳೆಯನ್ನೂ ನೋಡಬಾರದು. ಅಷ್ಟು ವರ್ಷ ಸಂಸಾರ ಮಾಡಿದರೂ ಅವರು ಯಾರಿಗೆ ವೋಟು ಹಾಕಿದರೆಂದು ನನಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಕೋವಿಡ್ ವರ್ಷದಲ್ಲಿ ಡ್ರೈವ್‌ವೇನಲ್ಲಿ ದೂರದೂರ ಮಡಿಚುವ ಕುರ್ಚಿ ಹಾಕಿ, ಮಾಸ್ಕ್ ಕಟ್ಟಿಕೊಂಡು, ಕೂಗಿ ಓದಿದರಲ್ಲ, ಅದೇ ಅವರ ಕೊನೆಯದು.

ಹೋದ ವರ್ಷ ಆ ಜಾಗದಲ್ಲಿ ನಾನು ಕೂತು ಓದಿದೆ. ಆಮೇಲೆ ಆದದ್ದು ನಿನಗೂ ನೆನಪಿದೆ, ಆದರೆ ನನ್ನ ಕಡೆಯಿಂದ ಅದು ಹೇಗೆ ಕಂಡಿತೆಂದು ನೀನು ಕೇಳಲೇ ಇಲ್ಲ. ನಾನು ದ್ರಾಕ್ಷಿ ಗೋಡಂಬಿ ಹುರಿಯಲು ಎದ್ದೆ. ಗುರುಕಿರಣ ನನ್ನ ಬ್ಯಾಲೆಟ್ಟನ್ನು ತನ್ನ ಕಡೆ ಎಳೆದುಕೊಂಡ. ಕೆಟ್ಟ ಬುದ್ಧಿಯಿಂದಲ್ಲ. ನನ್ನ ಟ್ಯಾಕ್ಸು, ಇನ್ಶೂರೆನ್ಸು, ಕಾರಿನ ರಿಜಿಸ್ಟ್ರೇಷನ್ನು ಎಲ್ಲ ತುಂಬುವವನು ಅವನೇ, ಇದೂ ಅಂಥದ್ದೇ ಎಂದುಕೊಂಡ. "ಅಮ್ಮಂದು ನಾನೇ ತುಂಬಿಬಿಡ್ತೀನಿ, ಅಮ್ಮ ಹೇಗೂ ನಮ್ ಕಡೆ" ಅಂದ. ನೀನು ಆ ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡೆ. "ಯಾವಾಗ್ಲಿಂದ? ಹೆಣ್ಮಕ್ಕಳ ವಿಷಯಕ್ಕೆ ಸರ್ಕಾರ ಯಾಕೆ ಮೂಗು ತೂರಿಸ್ಬೇಕು ಅಂತ ನನ್ ಹತ್ರ ಎಷ್ಟು ಸಲ ಬೈದಿಲ್ಲ? ಅಮ್ಮ ನಮ್ ಕಡೆ." ಇಬ್ಬರು ಹೇಳಿದ್ದೂ ನಿಜ. ಅವನ ಹತ್ತಿರ ನಿನ್ನ ಪಕ್ಷವನ್ನು ಬೈದಿದ್ದೆ, ನಿನ್ನ ಹತ್ತಿರ ಅವನ ಪಕ್ಷವನ್ನು ಬೈದಿದ್ದೆ. ನೀವು ನಿಮಗೆ ಬೇಕಾದ ಅರ್ಧವನ್ನಷ್ಟೇ ಇಟ್ಟುಕೊಂಡಿರಿ. ಆಗ ನಾನು ಮೊದಲೇ ತುಂಬಿದ್ದ ಸೊನ್ನೆ ನಿಮ್ಮ ಕಣ್ಣಿಗೆ ಬಿತ್ತು.

"ಇದ್ಯಾರಮ್ಮ ಇದು?" ಎಂದು ಅಣ್ಣ ಕೇಳಿದ. ಲಿಬರ್ಟೇರಿಯನ್ ಪಕ್ಷದವರು, ಸರ್ಕಾರ ಯಾರ ಮನೆಯ ವಿಷಯಕ್ಕೂ ಬರಬಾರದು ಅನ್ನುವವರು, ಎಂದೆ. ನೀನು ನಕ್ಕೆ. "ಇದಕ್ಕಿಂತ ಬ್ಯಾಲೆಟ್ಟನ್ನ ಕಸಕ್ಕೆ ಹಾಕೋದೇ ವಾಸಿ ಕಣಮ್ಮ" ಅಂದೆ. "ಇವತ್ತು ಅವಳು ಸರಿಯಾಗಿ ಹೇಳಿದ್ದು ಇದೊಂದೇ" ಎಂದ ಅಣ್ಣ. ನಾಲ್ಕು ವರ್ಷದಲ್ಲಿ ಮೊದಲ ಸಲ ನೀವಿಬ್ಬರೂ ಒಂದು ಮಾತಿಗೆ ಒಪ್ಪಿದಿರಿ, ಅದೂ ನಾನು ದಡ್ಡಿ ಎಂಬುದಕ್ಕೆ. "ನನ್ನ ವೋಟು ಕಸ ಆದ್ರೆ ನನ್ನ ಮನೆ ಊಟಾನೂ ಕಸ. ಇಬ್ಬರೂ ಏಳಿ" ಎಂದೆ. ಎದ್ದಿರಿ. ನಾನು ಹೇಳಿದ್ದನ್ನು ಒಂದೇ ಸಲಕ್ಕೆ ನೀವು ಕೇಳಿದ್ದು ಅವತ್ತೇ ಇರಬೇಕು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಈ ಕಾಗದ ಬರೆಯುತ್ತಿಲ್ಲ.

ಕಾರಣ ಮಾತ್ರ ಹೇಳುತ್ತೇನೆ. ನನ್ನ ಮದುವೆಯ ದಿನ ಚಾಮರಾಜಪೇಟೆಯ ಛತ್ರಕ್ಕೆ ಒಬ್ಬ ಇನ್‌ಸ್ಪೆಕ್ಟರ್ ಬಂದಿದ್ದ. ಇಷ್ಟೇ ಜನಕ್ಕೆ ಊಟ ಹಾಕಬೇಕೆಂದು ಆಗ ಸರ್ಕಾರದ ಅಪ್ಪಣೆ ಇತ್ತು. ಅವನು ಪಂಕ್ತಿಯ ಉದ್ದಕ್ಕೂ ನಡೆದು ಎಲೆಗಳನ್ನು ಎಣಿಸಿದ. ನಮ್ಮಪ್ಪ, ಯಾರಿಗೂ ತಲೆ ಬಾಗದವರು, ಅವನ ಹಿಂದೆ ಕೈ ಜೋಡಿಸಿಕೊಂಡು ನಡೆದರು. ಹಸೆಯ ಮೇಲಿಂದ ನಾನು ನೋಡಿದೆ. ಕೊನೆಗೆ ನಮ್ಮ ಸೋದರತ್ತೆಯರು ಎಲೆ ಬಿಟ್ಟು ಎದ್ದು ಅಡಿಗೆಮನೆಯ ಹಿಂದೆ ಹೋಗಿ ನಿಂತರು. ಅವತ್ತು ಅಧಿಕಾರದಲ್ಲಿ ಇದ್ದ ಪಕ್ಷ ಯಾವುದು, ಅವರ ಉದ್ದೇಶ ಎಷ್ಟು ಒಳ್ಳೆಯದು, ಅದು ನನಗೆ ಬೇಕಿಲ್ಲ. ಊಟಕ್ಕೆ ಕೂತವರನ್ನು ಎಬ್ಬಿಸುವ ಅಧಿಕಾರ ಯಾರಿಗೂ ಇರಬಾರದೆಂದು ಹಸೆಯ ಮೇಲೆಯೇ ನಿಶ್ಚಯಿಸಿದ್ದೆ. ಈ ದೇಶಕ್ಕೆ ಬಂದಾಗ, ಇಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ ಎಂಬುದೊಂದೇ ನನಗೆ ಹಿಡಿಸಿದ್ದು.

ಆಮೇಲೆ ಇಲ್ಲಿಯೂ ತಟ್ಟಿದರು. ಹಬ್ಬಕ್ಕೆ ನಮ್ಮ ಕನ್ನಡದವರಿಗೆ ಹೋಳಿಗೆ ಮಾಡಿ ಕೊಡುತ್ತಿದ್ದೆನಲ್ಲ, ಆರೋಗ್ಯ ಇಲಾಖೆಯವರು ಬಂದು ಪರ್ಮಿಟ್ ಬೇಕು, ಕ್ಲಾಸಿಗೆ ಹೋಗಬೇಕು, ಅಡಿಗೆಮನೆ ತೋರಿಸಬೇಕು ಎಂದರು. ನೀನು "ಸೇಫ್ಟಿಗೋಸ್ಕರ ಅಮ್ಮ, ನಾನು ಆನ್‌ಲೈನಲ್ಲಿ ಅಪ್ಲೈ ಮಾಡಿಕೊಡ್ತೀನಿ" ಎಂದೆ. ನನ್ನ ಕೈಯ ಹೋಳಿಗೆ ತಿಂದು ಬೆಳೆದವಳು ನೀನು. ನಾನು ಮಾಡುವುದನ್ನೇ ಬಿಟ್ಟೆ. ಅಣ್ಣ ಆಗ ನನ್ನ ಪರವಾಗಿ ಬಹಳ ಕೂಗಾಡಿದ. ಈ ವರ್ಷ ಅವನ ಪಕ್ಷದವರು ಬಂದು ಬ್ಯಾಡಗಿ ಮೆಣಸಿನಕಾಯಿಯಿಂದ ಹಿಡಿದು ಇಂಗಿನವರೆಗೆ ಸುಂಕ ಹೇರಿದರು. ನನ್ನ ಸಾರಿನ ಪುಡಿಯಿಂದ ಈ ದೇಶಕ್ಕೆ ಏನು ನಷ್ಟವಾಗಿತ್ತು ಎಂದು ಕೇಳಿದೆ. "ಸ್ವಲ್ಪ ದಿನ ತಡ್ಕೋ ಅಮ್ಮ" ಎಂದ. ಜೂನ್ ತಿಂಗಳಲ್ಲಿ ವಲಸೆ ಇಲಾಖೆಯವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಬೀದಿಯಲ್ಲಿ ಜನರನ್ನು ಹಿಡಿಯುತ್ತಿದ್ದರಲ್ಲ, ಆಗ ಅಣ್ಣ ಟೊರೆನ್ಸಿನ ತನ್ನ ಮನೆಯಿಂದ ಫೋನ್ ಮಾಡಿ, "ವಾಕಿಂಗ್ ಹೋಗೋವಾಗ ಪಾಸ್‌ಪೋರ್ಟ್ ಇಟ್ಕೊಂಡು ಹೋಗಮ್ಮ" ಎಂದ. ಅವರಿಗೆ ವೋಟು ಹಾಕಿದ ಮಗನೇ ಹೇಳಿದ. ಹೇಳುವಾಗ ಅವನ ಧ್ವನಿ ಸಣ್ಣದಾಗಿತ್ತು, ಅದಕ್ಕೆ ನಾನು ಬೈಯಲಿಲ್ಲ. ಆದರೆ ಪಾಸ್‌ಪೋರ್ಟನ್ನು ಕಪಾಟಿನಲ್ಲಿಯೇ ಬಿಟ್ಟು ಹೋಗುತ್ತೇನೆ. ನನ್ನ ಬೀದಿಯಲ್ಲಿ ನಾನು ಯಾರೆಂದು ಯಾರಿಗೂ ತೋರಿಸುವುದಿಲ್ಲ.

ನಿಮ್ಮ ಎರಡು ಪಕ್ಷಗಳೂ ನನಗೆ ಒಬ್ಬಳೇ ಅತ್ತೆಯ ಇಬ್ಬರು ಸೊಸೆಯರ ಹಾಗೆ ಕಾಣುತ್ತವೆ. ಒಬ್ಬಳನ್ನು ಕಂಡರೆ ಇನ್ನೊಬ್ಬಳಿಗೆ ಆಗುವುದಿಲ್ಲ, ಆದರೆ ಉಗ್ರಾಣದ ಬೀಗದ ಕೈ ಮಾತ್ರ ಇಬ್ಬರಿಗೂ ಬೇಕು.

ನೀವು ಹೋದಮೇಲೆ, ನನ್ನ ಹಾಗೆ ಯೋಚಿಸುವವರು ಎಲ್ಲೋ ಇರಬೇಕಲ್ಲ ಎನ್ನಿಸಿತು. ಏಪ್ರಿಲ್‌ನಲ್ಲಿ ಆ ಮೂರನೆಯ ಪಕ್ಷದವರ ಒಂದು ಸಭೆಗೆ ಹೋದೆ. ಎದುರು ಮನೆಯ ಕೇಶವಮೂರ್ತಿಗಳು ಕಾರಿನಲ್ಲಿ ಬಿಟ್ಟರು. "ನನಗೆ ಇರೋ ಎರಡನ್ನ ಬೈಯೋದಕ್ಕೇ ಶಕ್ತಿ ಸಾಲದು, ನೀವು ಮೂರನೇದನ್ನ ಹುಡುಕ್ತಿದೀರಲ್ಲ ಅರುಂಧತಮ್ಮ" ಎಂದು ದಾರಿಯುದ್ದಕ್ಕೂ ಆಡಿಕೊಂಡರು. ಒಂದು ಹೋಟೆಲಿನ ಹಿಂದಿನ ಕೋಣೆ. ಕೆಲವೇ ಗಂಡಸರು, ಹೆಂಗಸು ನಾನೊಬ್ಬಳೇ, ಸೀರೆ ಉಟ್ಟವಳಂತೂ ನಾನೊಬ್ಬಳೇ. ಕಾರು ಓಡಿಸಲು ಸರ್ಕಾರದ ಲೈಸೆನ್ಸ್ ಬೇಕೋ ಬೇಡವೋ ಎಂದು ಬಹಳ ಹೊತ್ತು ಜಗಳವಾಡಿದರು. ಒಬ್ಬ ಯುವಕ ನನ್ನ ಕಡೆ ತಿರುಗಿ, ನೀವು ಏಕೆ ಬಂದಿರಿ ಎಂದು ಕೇಳಿದ. ಎಲೆ ಎಣಿಸಿದ ಕಥೆಯನ್ನು ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಚಪ್ಪಾಳೆ ತಟ್ಟಿದರು. ಮತ್ತೆ ಲೈಸೆನ್ಸಿನ ಜಗಳಕ್ಕೆ ಹೋದರು. ಒಳ್ಳೆಯ ಜನವೇ. ಆದರೆ ವಯಸ್ಸಾದವಳಿಗೆ ಒಂದು ಲೋಟ ನೀರು ಬೇಕೇ ಎಂದು ಯಾರೂ ಕೇಳಲಿಲ್ಲ. ಅವರವರಿಗೆ ಬೇಕಾದ್ದನ್ನು ಅವರವರೇ ತೆಗೆದುಕೊಳ್ಳಬೇಕೆಂಬುದು ಅವರ ತತ್ವ. ನನ್ನದೂ ಅದೇ ತತ್ವ, ಹಾಗಾಗಿ ದೂರುವಂತಿಲ್ಲ. ಮತ್ತೆ ಹೋಗಲಿಲ್ಲ. ಈಗ ಕೇಶವಮೂರ್ತಿಗಳೂ ಇಲ್ಲ, ನವರಾತ್ರಿಗೆ ಮೈಸೂರಿಗೆ ಹೋದವರು ಸಂಕ್ರಾಂತಿಗೆ ಬರುತ್ತಾರೆ.

ಅಣ್ಣ ಬರುವುದು ಬಿಟ್ಟಿಲ್ಲ. ತಿಂಗಳಿಗೊಮ್ಮೆ ಬಂದು ಬಲ್ಬು ಬದಲಾಯಿಸುತ್ತಾನೆ, ಸಾಮಾನು ಇಡುತ್ತಾನೆ, ನಿಂತೇ ಕಾಫಿ ಕುಡಿಯುತ್ತಾನೆ. ಟೇಬಲ್ಲಿಗೆ ಕೂರು ಎಂದು ನಾನು ಹೇಳುವುದಿಲ್ಲ, ಅವನು ಕೂರುವುದಿಲ್ಲ. ನೀನಂತೂ ಆ ದಿನದಿಂದ ಈ ಕಡೆ ತಲೆ ಹಾಕಿಲ್ಲ. ಯುಗಾದಿಗೆ ಟ್ರಾಫಿಕ್ ಎಂದೆ, ಗೌರಿ ಹಬ್ಬಕ್ಕೆ ಆಫೀಸು ಎಂದೆ. ನಿನ್ನ ಕರ್ನಿ ಮೆಸಾದ ಆಫೀಸಿಗೆ ಗೌರಿ ಹಬ್ಬ ಗೊತ್ತಿಲ್ಲದಿರಬಹುದು, ನಿನಗೆ ಗೊತ್ತಿದೆ. ನಾನು ಏಳಿ ಎಂದದ್ದು ಊಟದಿಂದ, ಮನೆಯಿಂದಲ್ಲ.

ಇವತ್ತು ಬೆಳಿಗ್ಗೆ ಒಬ್ಬಳೇ ಟೇಬಲ್ಲಿನ ಹತ್ತಿರ ಕೂತು ಆ ಪ್ರಸ್ತಾವವನ್ನು ಗಟ್ಟಿಯಾಗಿ ಓದಿದೆ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಯಾರಿಗೆ ಬಿಡಿಸಿ ಹೇಳುತ್ತಿದ್ದೇನೆ ಎಂದು ನನಗೇ ನಾಚಿಕೆಯಾಗಿ ಮಧ್ಯದಲ್ಲಿ ನಿಲ್ಲಿಸಿದೆ. ಯಾರೂ ಹಾಳೆಗೆ ಕೈ ಹಾಕಲಿಲ್ಲ. ನಿಧಾನವಾಗಿ ತುಂಬಿದೆ, ಸಹಿ ಹಾಕಿದೆ, ಲೈಬ್ರರಿಯ ಮುಂದಿನ ವೋಟಿನ ಪೆಟ್ಟಿಗೆಗೆ ಹಾಕಿ ಬಂದೆ. ಯಾವುದಕ್ಕೆ ಹಾಕಿದೆ ಎಂದು ನೀನು ಕೇಳಬೇಡ, ನಿನ್ನದನ್ನು ನಾನು ಕೇಳುವುದಿಲ್ಲ. ಮನೆಗೆ ಬಂದಮೇಲೆ ಪಾಯಸ ಮಾಡಲಿಲ್ಲ. ಒಬ್ಬರಿಗೆ ಎಷ್ಟು ಶ್ಯಾವಿಗೆ ಹಾಕಬೇಕೆಂದು ಅಂದಾಜು ಸಿಗಲಿಲ್ಲ.

ವಿನೀತನಿಗೆ ನನ್ನ ಆಶೀರ್ವಾದ ತಿಳಿಸು. ಪ್ರಣತಿಗೆ ಮುತ್ತು. ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಪರವಾಗಿಲ್ಲ, ಅಜ್ಜಿಗೆ ಫೋನ್ ಮಾಡಲು ಹೇಳು. ನಿಮ್ಮ ಮನೆಯ ದೀಪಾವಳಿ ಬೆಳಕಾಗಿರಲಿ.

ನಿನ್ನ ಅಮ್ಮ,
ಅರುಂಧತಿ

ಮರೆತಿದ್ದೆ. ಮುಂದಿನ ತಿಂಗಳು ಆರನೆಯ ತಾರೀಖು, ಗುರುವಾರ ಬೆಳಿಗ್ಗೆ ನನ್ನ ಎಡಗಣ್ಣಿನ ಪೊರೆ ತೆಗೆಯುತ್ತಾರೆ. ದೊಡ್ಡದೇನಲ್ಲ, ಅವತ್ತೇ ಮನೆಗೆ ಕಳಿಸುತ್ತಾರೆ. ಟ್ಯಾಕ್ಸಿಯಲ್ಲಿ ಬಂದು ಹೋಗುತ್ತೇನೆ ಎಂದೆ. ಹಾಗೆ ಬಿಡುವುದಿಲ್ಲವಂತೆ. ನಮ್ಮವರು ಯಾರಾದರೂ ಕಾದಿದ್ದು ಕೈ ಹಿಡಿದು ಕರೆದುಕೊಂಡು ಹೋಗದಿದ್ದರೆ ಆಪರೇಷನ್ನೇ ಮಾಡುವುದಿಲ್ಲ, ಅದು ರೂಲು ಎಂದರು. ಯಾರು ಬರುತ್ತಾರೆ ಎಂದು ನರ್ಸು ಫೋನಿನಲ್ಲಿ ಕೇಳಿದಳು. ಗುರುಕಿರಣನಿಗೆ ಹೇಳಿದ್ದರೆ ಬರುತ್ತಿದ್ದ, ಅವನೇ ಹತ್ತಿರ. ಆದರೆ ನಾನು ನಿನ್ನ ಹೆಸರು ಹೇಳಿಬಿಟ್ಟೆ. ನಿನ್ನನ್ನು ಕೇಳದೆ ಹೇಳಿದ್ದೇನೆ, ಆದ್ದರಿಂದ ಬಾ ಎಂದು ಬಲವಂತವಿಲ್ಲ, ಆಗದಿದ್ದರೆ ತಿಳಿಸು. ಈ ಒಂದು ರೂಲಿಗೆ ಮಾತ್ರ ನಾನು ಅವರ ಹತ್ತಿರ ಜಗಳವಾಡಲಿಲ್ಲ.