ಹಲ್ಲಿಯಲ್ಲ, ಹಾರ್ಡ್ ಡಿಸ್ಕ್

ರೀ,

ರಾತ್ರಿ ಕಪಾಟಿನ ಹಿಂದೆ ಟಿಕ್ ಟಿಕ್ ಎಂದದ್ದು ಹಲ್ಲಿಯಲ್ಲ, ಕೊನೆಯುಸಿರೆಳೆಯುತ್ತಿರುವ ನಮ್ಮ ಹಾರ್ಡ್ ಡಿಸ್ಕ್. ನೀವು ಪೊರಕೆಯಲ್ಲಿ ಬಾರಿಸಿದ್ದು ಅದನ್ನೇ.

ಮಗಳು ಮೊದಲ ಹೆಜ್ಜೆ ಇಟ್ಟ ವಿಡಿಯೋ ಬೇರೆಲ್ಲೂ ಇಲ್ಲ, ಅದರೊಳಗೆ ಮಾತ್ರ. ಅದನ್ನೇ ಮೊದಲು ಲ್ಯಾಪ್‌ಟಾಪಿಗೆ ಇಳಿಯಲು ಬಿಟ್ಟಿದ್ದೇನೆ, ಅದರ ವೇಗಕ್ಕಿಂತ ಆಮೆಯೇ ವಾಸಿ.

ನಾನು ಆಫೀಸಿನಿಂದ ಬರುವವರೆಗೆ ಡಿಸ್ಕನ್ನು ಅಲುಗಾಡಿಸಬೇಡಿ. ಕರೆಂಟು ಉಳಿಸುವ ನಿಮ್ಮ ಕೈಗೆ ಹೆದರಿ ಸ್ವಿಚ್ಚಿಗೆ ಟೇಪು ಅಂಟಿಸಿದ್ದೇನೆ, ಕೀಳಬೇಡಿ. ಬಿಸಿಯಾಗಿದೆಯೆಂದು ಫ್ರಿಜ್ಜಿನಲ್ಲಿಡಲು ನಿಮ್ಮಕ್ಕ ಹೇಳಿದರೆ ಹೂಂ ಎನ್ನಿ, ಆದರೆ ಇಡಬೇಡಿ.

ವಿಜ್ಞಾನದ ಮೇಷ್ಟ್ರಾದ ನಿಮ್ಮ ಹಲ್ಲಿಬೇಟೆಯನ್ನು ಊರಿಗೆಲ್ಲ ಸಾರಬೇಕೆಂದಿದ್ದೆ. ಆದರೆ "ಹಲ್ಲಿ ಓಡ್ಹೋಯ್ತು, ಹೆದರ್ಬೇಡ ಕಣೇ" ಎಂದು ಒಂದು ಕೈಯಲ್ಲಿ ಪೊರಕೆ ಬಿಗಿಹಿಡಿದೇ ನನ್ನ ತಲೆ ಸವರಿದಿರಲ್ಲ, ಅದು ನೆನಪಾಯಿತು. ಹೋಗಲಿ, ಯಾರಿಗೂ ಹೇಳುವುದಿಲ್ಲ.