ಹಪ್ಪಳದ ಡಬ್ಬಿ ನನ್ನ ಹತ್ರ ಇದೆ

ಅತ್ತೆ,

ಅಕ್ಕಿ ಹಪ್ಪಳದ ಡಬ್ಬಿ ಹುಡುಕಬೇಡಿ, ನಾನೇ ಆಫೀಸಿಗೆ ತಗೊಂಡು ಹೋಗ್ತಾ ಇದೀನಿ. ಬಾಹ್ಯಾಕಾಶದಲ್ಲಿ ಸ್ಯಾಟಲೈಟ್ ರಿಪೇರಿಗೆ ಅಂತ ನಾವು ಮಾಡಿರೋ ರೋಬೋ ಕೈಗೆ ಇವತ್ತು ಕೊನೇ ಪರೀಕ್ಷೆ. ನಾಜೂಕಾದ ವಸ್ತುನ ಮುರೀದೆ ಎತ್ತಿದರೆ ಪಾಸು. ನಿಮ್ಮ ಹಪ್ಪಳದಷ್ಟು ತೆಳು ನಮ್ಮ ಲ್ಯಾಬಲ್ಲಿ ಏನೂ ಇಲ್ಲ.

ಕುಕ್ಕರಲ್ಲಿ ಬೇಳೆ ಬೆಂದಿದೆ, ಒಗ್ಗರಣೆ ಮಾತ್ರ ಹಾಕ್ಕೊಳ್ಳಿ. ಸಂಪ್ ತುಂಬಿದ ಮೇಲೆ ಮೋಟರ್ ಹಾಕಿ. ಬಿಪಿ ಮಾತ್ರೆ ಮರೀಬೇಡಿ.

ಟೆರೇಸಲ್ಲಿ ಒಣಗಿದ ಹಪ್ಪಳ ಎತ್ತುವಾಗ ಸೊಸೆ ಅರ್ಧ ಮುರಿದಳು ಅಂತ ಇಡೀ ಬಸವೇಶ್ವರನಗರಕ್ಕೆ ಹೇಳಿದ್ರಲ್ಲ. ಒಪ್ಕೋತೀನಿ, ನನ್ನ ಕೈ ಒರಟು. ಆದರೆ ನಾನು ಮಾಡಿರೋ ಕೈ ಒಂದನ್ನೂ ಮುರಿಯಲ್ಲ.

ಸಂಜೆ ಎಲ್ಲಾ ವಾಪಸ್ ತರ್ತೀನಿ. ಎಣ್ಣೆ ಕಾಯಿಸಿಟ್ಟಿರಿ.

ತನ್ಮಯಿ